ಸೌಂಡ್ ಪೈಪ್ ಹಾಕಿದ ಅಂಗಡಿ, ಬಿಚ್ಚಿದ ಮೇಸ್ತ್ರಿ: ನಮ್ಮ ಲಾರಿಯ ಏಳು ತಿಂಗಳ ಲೆಕ್ಕ

ನಮ್ಮೂರು ಹಿರಿಯೂರು. ಮನೆಯಲ್ಲಿ ಒಂದು ಹತ್ತು ಚಕ್ರದ ಲಾರಿ ಇದೆ. ಅಶೋಕ್ ಲೇಲ್ಯಾಂಡ್, 2018ರ ಬಿಎಸ್-4 (ಹೊಗೆ ನಿಯಮದ ನಾಲ್ಕನೇ ಹಂತದ) ಗಾಡಿ. ಓಡಿಸುವುದು ನನ್ನ ತಮ್ಮ. ಡೀಸೆಲ್, ಟೋಲ್, ಟೈರು, ಬ್ಯಾಂಕಿನ ಕಂತು, ಎಲ್ಲದರ ಲೆಕ್ಕ ಬರೆಯುವುದು ನಾನು. ಹೋಗುವಾಗ ಮೆಕ್ಕೆಜೋಳ, ಬರುವಾಗ ಪಣಂಬೂರಿನಿಂದ ಗೊಬ್ಬರ. ಹುಳಿಯಾರು, ಅರಸೀಕೆರೆ, ಹಾಸನ, ಸಕಲೇಶಪುರ, ಆಮೇಲೆ ಶಿರಾಡಿ ಘಾಟಿ ಇಳಿದು ಮಂಗಳೂರು. ಒಂದು ಕಡೆಗೆ 300 ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ.

2024ರ ಸಂಕ್ರಾಂತಿ ಕಳೆದ ವಾರ ಈ ಲಾರಿಗೆ ಸೌಂಡ್ ಪೈಪ್, ಅಂದರೆ ಸೈಲೆನ್ಸರ್ ಬದಲು ಜೋರಾಗಿ ಶಬ್ದ ಮಾಡುವ ನೇರ ಪೈಪ್, ಹಾಕಿಸಿದೆವು. ಆಗಸ್ಟ್‌ನಲ್ಲಿ ಬಿಚ್ಚಿಸಿದೆವು. ಹಾಕಿದ ಅಂಗಡಿಯ ಬಗ್ಗೆಯೂ, ಬಿಚ್ಚಿ ಸರಿ ಮಾಡಿಕೊಟ್ಟ ಮೇಸ್ತ್ರಿಯ ಬಗ್ಗೆಯೂ ಬರೆಯುತ್ತಿದ್ದೇನೆ. ಮೊದಲನೆಯವರ ಹೆಸರು ಹಾಕುವುದಿಲ್ಲ. ಎರಡನೆಯವರ ಅಂಗಡಿಗೆ ಬೋರ್ಡೇ ಇಲ್ಲ. ಲಾರಿ ಇಟ್ಟುಕೊಂಡ ಮನೆಗಳಲ್ಲಿ ಇದೇ ಮಾತು ನಡೆಯುತ್ತಿರುತ್ತದೆ ಅಂತ ಗೊತ್ತು. ಅದಕ್ಕೇ ನಮ್ಮ ಪುಸ್ತಕದಲ್ಲಿರುವ ಅಂಕಿಗಳನ್ನೂ ಹಾಗೇ ಇಡುತ್ತೇನೆ.

ಮೊದಲ ಅಂಗಡಿ ಹೆದ್ದಾರಿ ಪಕ್ಕದ್ದು. ಮುಂದೆ ಸಾಲಾಗಿ ಹೊಳೆಯುವ ಪೈಪುಗಳನ್ನು ನೇತು ಹಾಕಿದ್ದರು. ತಮ್ಮನ ಜೊತೆ ನಾನೂ ಹೋಗಿದ್ದೆ, ದುಡ್ಡು ಕೊಡಬೇಕಾದವಳು ನಾನೇ ಅಲ್ವಾ. ಅಂಗಡಿಯವರು ಚೆನ್ನಾಗಿ ಮಾತಾಡಿದರು. ಕುರ್ಚಿ ಹಾಕಿ ಟೀ ಕೊಟ್ಟರು. "ಅಕ್ಕ, ಕಂಪನಿ ಸೈಲೆನ್ಸರ್ ಇಂಜಿನ್ನಿಗೆ ಮೂಗು ಹಿಡಿದ ಹಾಗೆ. ಅದನ್ನ ತೆಗೆದು ನಾಲ್ಕು ಇಂಚಿನ ನೇರ ಪೈಪ್ ಕೊಡ್ತೀನಿ. ಲೀಟರಿಗೆ ಅರ್ಧ ಕಿಲೋಮೀಟರ್ ಜಾಸ್ತಿ ಬರುತ್ತೆ. ಪಿಕಪ್ ನೀವೇ ನೋಡಿ" ಅಂದರು. ಕಾನೂನಿನ ತೊಂದರೆ ಇಲ್ವಾ ಅಂತ ಕೇಳಿದೆ. "ಎಮಿಷನ್ ಟೆಸ್ಟ್ ಪಾಸ್ ಆಗುತ್ತೆ ಅಕ್ಕ. ಪಾಸ್ ಆದ ಮೇಲೆ ಯಾರು ಏನು ಹೇಳ್ತಾರೆ?" ಅಂದರು.

ಆ ಮಾತು ನಂಬಿದೆ. ಅರ್ಧ ಕಿಲೋಮೀಟರ್ ಅನ್ನುವುದು ನನ್ನಂಥವಳಿಗೆ ದೊಡ್ಡ ಮಾತು. ಪ್ರತಿ ಟ್ರಿಪ್ಪಿಗೆ ಹದಿನೈದು ಲೀಟರಿಗೂ ಜಾಸ್ತಿ ಡೀಸೆಲ್ ಉಳಿದ ಹಾಗೆ. 14,500 ರೂಪಾಯಿಗೆ ಒಪ್ಪಿಕೊಂಡೆವು. ಪೈಪ್, ವೆಲ್ಡಿಂಗ್, ತುದಿಗೆ ಹೊಳೆಯುವ ಕೊಳವೆ ಎಲ್ಲ ಸೇರಿ. ಪೈಪ್ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಅಂತ ಬಾಯಿಮಾತಲ್ಲಿ ಹೇಳಿದರು. ಬಿಲ್ಲಿನಲ್ಲಿ ಬರೆದದ್ದು 'ಸೈಲೆನ್ಸರ್ ಕೆಲಸ' ಅಂತ ಮಾತ್ರ. ಮೂರು ತಾಸಿನಲ್ಲಿ ಕೆಲಸ ಮುಗಿಯಿತು. ಹಳೆಯ ಸೈಲೆನ್ಸರ್ ಬೇಕಾ ಅಂತಲೂ ಕೇಳದೆ ಒಳಗೆ ಎತ್ತಿಟ್ಟುಕೊಂಡರು. ಅದು ಆರು ವರ್ಷದ್ದು, ಆದರೂ ಗಟ್ಟಿಯಾಗಿತ್ತು. ಕೇಳಿ ತರಬೇಕಿತ್ತು.

ತಮ್ಮನಿಗೆ ಸಂತೋಷವೋ ಸಂತೋಷ. ಅವನ ಸಂತೋಷ ನನಗೆ ಅರ್ಥವಾಗುತ್ತದೆ. ವಾರದಲ್ಲಿ ಐದು ರಾತ್ರಿ ಕ್ಯಾಬಿನ್ನಿನಲ್ಲೇ ಮಲಗುವ ಹುಡುಗ. ತನ್ನ ಗಾಡಿಗೆ ತನ್ನದೇ ಒಂದು ದನಿ ಇರಲಿ ಅನ್ನುವ ಆಸೆ ಅವನಿಗೆ. ಅದನ್ನು ಕೆಟ್ಟದ್ದು ಅಂತ ನಾನು ಇವತ್ತಿಗೂ ಹೇಳುವುದಿಲ್ಲ.

ಮೊದಲ ದೂರು ಬಂದದ್ದು ನಮ್ಮ ಬೀದಿಯಿಂದಲೇ. ಲೋಡಿಗೆ ಹೊರಡುವುದು ಬೆಳಗಿನ ಜಾವ ನಾಲ್ಕಕ್ಕೆ. ಎದುರು ಮನೆಯಲ್ಲಿ ಬಾಣಂತಿ ಇದ್ದಳು. ಮೂರನೇ ದಿನ ಅವಳ ಅಮ್ಮ ಬಂದು, "ತಪ್ಪು ತಿಳೀಬೇಡ ಕಣಮ್ಮ. ಲಾರಿ ಶುರು ಆದ ತಕ್ಷಣ ಮಗು ಬೆಚ್ಚಿ ಬೀಳುತ್ತೆ. ಮುಂದಿನ ಸರ್ಕಲ್ ಹತ್ರ ನಿಲ್ಲಿಸಿಕೊಳ್ಳೋಕಾಗುತ್ತಾ?" ಅಂದರು. ಅವತ್ತಿನಿಂದ ಲಾರಿ ಎಪಿಎಂಸಿ ಕಡೆ ನಿಂತಿತು. ಡೀಸೆಲ್ ಕಳ್ಳತನದ ಭಯಕ್ಕೆ ಕ್ಲೀನರ್ ಅಲ್ಲೇ ಮಲಗಬೇಕಾಯಿತು.

ಎರಡನೆಯದು ಅಪ್ಪ. ಅಪ್ಪ 31 ವರ್ಷ ಬೇರೆಯವರ ಲಾರಿ ಓಡಿಸಿದವರು. ಹಳೆಯ ಗಾಡಿಗಳಲ್ಲಿ ಇಂಜಿನ್ ಡ್ರೈವರ್ ಪಕ್ಕದಲ್ಲೇ ಇರುತ್ತಿತ್ತು. ಈಗ ಅವರಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಟಿವಿ ದನಿ ಇಡೀ ಮನೆಗೆ ಕೇಳುವಷ್ಟು ಇಡುತ್ತಾರೆ, ಮೊಮ್ಮಕ್ಕಳು ಮೂರು ಸಲ ಕೂಗಬೇಕು. ತಮ್ಮ ಅವರನ್ನು ಹೊಸ ಪೈಪಿನ ಲಾರಿಯಲ್ಲಿ ಬಬ್ಬೂರಿನ ತನಕ ಕರೆದುಕೊಂಡು ಹೋಗಿ ಬಂದ. ಇಳಿದವರು ಪೈಪಿನ ತುದಿ ನೋಡುತ್ತಾ ನಿಂತರು. "ನನಗೇ ಇಷ್ಟು ಕೇಳಿಸ್ತಿದೆ ಅಂದ್ರೆ ನಿನಗೆ ಎಷ್ಟು ಕೇಳಿಸ್ತಿರಬೇಕು ಮಗ" ಅಂದರು. ತಮ್ಮ ಏನೂ ಹೇಳಲಿಲ್ಲ. ಆದರೆ ಆಮೇಲೆ ಒಂದು ದಿನ ಅವನೇ ಫೋನಿನ ಆ್ಯಪ್ ಹಾಕಿ ಕ್ಯಾಬಿನ್ನಿನ ಶಬ್ದ ಅಳೆದ. ಅದೇ ಕಂಪನಿಯ, ಅದೇ ಮಾಡೆಲಿನ ಗೆಳೆಯನ ಲಾರಿಯಲ್ಲಿ 83 ಡೆಸಿಬೆಲ್. ನಮ್ಮದರಲ್ಲಿ 92. ಫೋನಿನ ಅಳತೆ ಕರಾರುವಾಕ್ಕಲ್ಲ, ನಿಜ. ಆದರೆ ಡೆಸಿಬೆಲ್ ಲೆಕ್ಕದಲ್ಲಿ ಹತ್ತು ಏರಿದರೆ ಕಿವಿಗೆ ಶಬ್ದ ಸುಮಾರು ಎರಡರಷ್ಟು ಅನ್ನಿಸುತ್ತದೆ. ದೊಡ್ಡ ಲಾರಿಗಳು ಓಡುವಾಗ ಹೊರಗೆ ಮಾಡುವ ಶಬ್ದಕ್ಕೇ ಕಾರ್ಖಾನೆ ಹಂತದಲ್ಲಿ ಸುಮಾರು 80 ಡೆಸಿಬೆಲ್ ಮಿತಿ ಇದೆ. ಅವನು ಹತ್ತು ಗಂಟೆ ಕೂತಿರುವುದು ಅದಕ್ಕಿಂತ ಜೋರಾದ ಡಬ್ಬಿಯೊಳಗೆ.

ಇನ್ನು ಡೀಸೆಲ್. ನಾನು ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ ಲೆಕ್ಕ ಹಾಕುತ್ತೇನೆ. ಪೈಪ್ ಹಾಕುವ ಮುಂಚೆ ಅಕ್ಟೋಬರಿನಿಂದ ಡಿಸೆಂಬರ್ ತನಕ ಲೀಟರಿಗೆ 4.05 ಕಿಲೋಮೀಟರ್. ಹಾಕಿದ ಮೇಲೆ ಫೆಬ್ರವರಿಯಿಂದ ಏಪ್ರಿಲ್ ತನಕ 4.02. ಅದೇ ದಾರಿ, ಅದೇ ಲೋಡು, ಅದೇ ಡ್ರೈವರ್. ಅರ್ಧ ಕಿಲೋಮೀಟರ್ ಎಲ್ಲೂ ಕಾಣಲಿಲ್ಲ. ಪಿಕಪ್ ಜಾಸ್ತಿ ಆದ ಹಾಗೆ ಅನ್ನಿಸಿದ್ದು ಶಬ್ದದಿಂದ ಅಂತ ತಮ್ಮನೂ ಒಪ್ಪಿಕೊಂಡ. ಯಾಕೆ ಹೀಗೆ ಅಂತ ಆಮೇಲೆ ಮೇಸ್ತ್ರಿ ಹೇಳಿದರು. ಟರ್ಬೊ (ಇಂಜಿನ್ನಿಗೆ ಗಾಳಿ ತುಂಬುವ ಚಕ್ರ) ಇರುವ ಡೀಸೆಲ್ ಇಂಜಿನ್ನಿನಲ್ಲಿ ಹೊಗೆ ಮೊದಲು ಟರ್ಬೊ ಚಕ್ರವನ್ನು ತಿರುಗಿಸಬೇಕು. ಅದರ ಜೋರು ಬಹುಪಾಲು ಅಲ್ಲೇ ಮುಗಿಯುತ್ತದೆ. ಅದಾದ ಮೇಲಿನ ಪೈಪನ್ನೂ ಸೈಲೆನ್ಸರನ್ನೂ ಆ ಇಂಜಿನ್ನಿಗೆ ಎಷ್ಟು ದಾರಿ ಬೇಕೋ ಅಷ್ಟು ಬಿಟ್ಟೇ ಕಂಪನಿ ಮಾಡಿರುತ್ತದೆ. ಸೈಲೆನ್ಸರ್ ಒಳಗಿನ ತಗಡು ಕಳಚಿ ಅಡ್ಡ ಬಿದ್ದಿದ್ದರೆ ಗಾಡಿ ಎಳೆಯುವುದಿಲ್ಲ, ಅದು ಬೇರೆ ಮಾತು. ಆಗ ಹೊಸ ಸೈಲೆನ್ಸರ್ ಹಾಕಿದರೆ ಸಾಕು. ಗಟ್ಟಿಯಾಗಿರುವುದನ್ನು ಕಿತ್ತರೆ ಸಿಗುವುದು ಶಬ್ದ ಮಾತ್ರ.

ನನಗೆ ನಿಜವಾಗಿ ಭಯ ಹುಟ್ಟಿದ್ದು ಜೂನಿನಲ್ಲಿ. ಮಳೆ ಹಿಡಿದಿತ್ತು. ಪೂರ್ತಿ ಲೋಡು ಮೆಕ್ಕೆಜೋಳ. ಮಾರನಹಳ್ಳಿ ದಾಟಿ ಶಿರಾಡಿ ಇಳಿಯುವಾಗ ಎಕ್ಸಾಸ್ಟ್ ಬ್ರೇಕ್ ಹಿಡಿಯಲಿಲ್ಲ.

ಲಾರಿ ಓಡಿಸದವರಿಗೆ ಹೇಳುತ್ತೇನೆ. ಘಾಟಿ ಇಳಿಯುವಾಗ ಬರೀ ಕಾಲಿನ ಬ್ರೇಕ್ ತುಳಿದುಕೊಂಡು ಹೋದರೆ ಲೈನರ್ ಕಾದು ಬ್ರೇಕ್ ಸೋತುಹೋಗುತ್ತದೆ. ಅದಕ್ಕೆ ಹೊಗೆಯ ಪೈಪಿನಲ್ಲಿ ಚಿಟ್ಟೆಯ ರೆಕ್ಕೆಯಂಥ ಒಂದು ವಾಲ್ವ್ ಇರುತ್ತದೆ. ಸ್ವಿಚ್ ಒತ್ತಿದರೆ ಅದು ಮುಚ್ಚಿಕೊಳ್ಳುತ್ತದೆ. ಹೊಗೆ ಹೊರಗೆ ಹೋಗಲಾಗದೆ ಇಂಜಿನ್ನಿನ ಮೇಲೆ ಒತ್ತಡ ಬಿದ್ದು, ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಆ ವಾಲ್ವಿಗೂ ಇಂಜಿನ್ನಿಗೂ ನಡುವೆ ಎಲ್ಲಾದರೂ ಹೊಗೆ ಸೋರಿದರೆ ಹಿಡಿತ ಹೋಯಿತು.

ತಮ್ಮ ಅವತ್ತು ಮೊದಲ ತಿರುವಿನಲ್ಲೇ ಸಂಶಯ ಬಂದು ಪಕ್ಕಕ್ಕೆ ಹಾಕಿದ. ಬ್ರೇಕ್ ಆರಿಸಿಕೊಂಡು, ಎರಡನೇ ಗೇರಿನಲ್ಲಿ ತೆವಳಿಕೊಂಡು ಗುಂಡ್ಯ ಮುಟ್ಟಿದ. ರಾತ್ರಿ ಹನ್ನೊಂದೂವರೆಗೆ ನನಗೆ ಫೋನ್ ಮಾಡಿ, "ಅಕ್ಕ, ಇಳಿದೆ" ಅಂತ ಅಷ್ಟೇ ಹೇಳಿದ. ಅವನ ದನಿ ಕೇಳಿಯೇ ನನಗೆ ಎಲ್ಲ ಗೊತ್ತಾಯಿತು. ಅವತ್ತು ರಾತ್ರಿ ನಾನು ಮಲಗಲಿಲ್ಲ.

ಕಾರಣ ಆಮೇಲೆ ತಿಳಿಯಿತು. ಕಂಪನಿಯ ಪೈಪಿನಲ್ಲಿ ಸುರುಳಿ ಸುರುಳಿಯಾಗಿ ಬಾಗುವ ಒಂದು ತುಂಡು ಇರುತ್ತದೆ, ಬೆಲೋಸ್ ಅನ್ನುತ್ತಾರೆ. ಇಂಜಿನ್ ತನ್ನ ರಬ್ಬರುಗಳ ಮೇಲೆ ಅಲುಗಾಡುತ್ತಿರುತ್ತದೆ, ಚಾಸಿ ಬೇರೆ ರೀತಿ ಅಲುಗಾಡುತ್ತದೆ. ಎರಡರ ಎಳೆದಾಟ ತಡೆದುಕೊಳ್ಳುವುದು ಈ ತುಂಡು. ಅಂಗಡಿಯವರು ಅದನ್ನು ಕತ್ತರಿಸಿ ಬಿಸಾಕಿ ನೇರ ಪೈಪ್ ವೆಲ್ಡ್ ಮಾಡಿದ್ದರು. ಐದು ತಿಂಗಳು ಅಲುಗಾಡಿ ಅಲುಗಾಡಿ, ಟರ್ಬೊ ಪಕ್ಕದ ಜಾಯಿಂಟಿನ ಬೋಲ್ಟುಗಳು ಸಡಿಲವಾಗಿ, ನಡುವೆ ಸೋರದ ಹಾಗೆ ಇಡುವ ಗ್ಯಾಸ್ಕೆಟ್ ಹಾರಿಹೋಗಿತ್ತು.

ಅಂಗಡಿಯವರಿಗೆ ಫೋನ್ ಮಾಡಿದೆ. ಬನ್ನಿ, ಇನ್ನೊಂದು ಸಲ ವೆಲ್ಡ್ ಮಾಡಿಕೊಡುತ್ತೇನೆ ಅಂದರು. ಬೆಲೋಸ್ ಯಾಕೆ ತೆಗೆದಿರಿ ಅಂತ ಕೇಳಿದ್ದಕ್ಕೆ, ಅದಿದ್ದರೆ ಸೌಂಡ್ ಸರಿಯಾಗಿ ಬರಲ್ಲ ಅಂದರು. ಜೊತೆಗೆ ಹೊಸದೊಂದು ಹೇಳಿದರು. ಸೈಲೆನ್ಸರ್ ತಪ್ಪಿಸಿ ಹೊಗೆ ಬಿಡುವ ಕಟೌಟ್ ಸ್ವಿಚ್ ಹಾಕಿಕೊಡುತ್ತೇನೆ, ಪೊಲೀಸರು ಕಂಡರೆ ಮುಚ್ಚಿ, ಆಮೇಲೆ ತೆಗೆಯಿರಿ ಅಂತ. ನಾನು ಫೋನ್ ಇಟ್ಟೆ. ಗ್ಯಾಸ್ಕೆಟ್ಟು, ಬೋಲ್ಟು ಮಾತ್ರ ಬೇರೆ ಕಡೆ ಹಾಕಿಸಿ ಓಡಿಸಿದೆವು. ಆಗಲೇ ಪೂರ್ತಿ ಬಿಚ್ಚಿಸಬೇಕಿತ್ತು. ಬಾಡಿಗೆ ಜೋರಾಗಿದ್ದ ತಿಂಗಳು ಅಂತ ಮುಂದಕ್ಕೆ ಹಾಕಿದೆವು.

ಆಗಸ್ಟ್‌ನಲ್ಲಿ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅಂತ ಆರ್‌ಟಿಒ ಕೊಡುವ ಪತ್ರದ ತಪಾಸಣೆ, ಬಂತು. ಸಾರಿಗೆ ಗಾಡಿಗಳಿಗೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಇನ್‌ಸ್ಪೆಕ್ಟರ್ ಗಾಡಿ ಶುರು ಮಾಡಿಸಿದರು. ಒಂದು ಸಲ ಬಗ್ಗಿ ಕೆಳಗೆ ನೋಡಿದರು. ಸೈಲೆನ್ಸರ್ ಇಲ್ಲ, ಸರಿ ಮಾಡಿಸಿಕೊಂಡು ಬನ್ನಿ ಅಂದರು. ತಮ್ಮ ಎಮಿಷನ್ ಸರ್ಟಿಫಿಕೇಟ್ ತೋರಿಸಿದ. "ಅದು ಹೊಗೆ ಅಳೆಯೋದಪ್ಪ, ಶಬ್ದ ಅಲ್ಲ" ಅಂದರು. ಒರಟಾಗಿ ಹೇಳಲಿಲ್ಲ, ಸಮಾಧಾನವಾಗಿಯೇ ಹೇಳಿದರು. ನಮಗೆ ಜನವರಿಯಲ್ಲೇ ತಿಳಿಯಬೇಕಿದ್ದ ಮಾತು ಅದು. ಬಿಎಸ್-4 ಡೀಸೆಲ್ ಗಾಡಿಗೆ ಹೊಗೆಯ ಮಿತಿ 50 ಹಾರ್ಟ್ರಿಜ್ ಯೂನಿಟ್, ಅಂದರೆ ಹೊಗೆ ಎಷ್ಟು ದಟ್ಟ ಅಂತ ಅಳೆಯುವ ಲೆಕ್ಕ. ಇಂಜಿನ್ ಚೆನ್ನಾಗಿದ್ದರೆ ನಮ್ಮಂಥ ಗಾಡಿ ಸೈಲೆನ್ಸರ್ ಇಲ್ಲದಿದ್ದರೂ ಅದರಲ್ಲಿ ಪಾಸಾಗುತ್ತದೆ. ಹಾಗಂತ ಸೈಲೆನ್ಸರ್ ತೆಗೆದದ್ದು ಸರಿ ಅಂತ ಆಗುವುದಿಲ್ಲ.

ಅವತ್ತು ರಾತ್ರಿ ಕೂತು ಕಾಯ್ದೆ ಓದಿದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್: ಆರ್‌ಸಿಯಲ್ಲಿರುವ ವಿವರ ಕಾರ್ಖಾನೆ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಮಾಲೀಕ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಬಂತು. ಅನುಮತಿ ಇಲ್ಲದ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳ ತನಕ ಜೈಲು, ಇಲ್ಲವೇ ಎರಡೂ. ಇದು ಮಾಲೀಕರಿಗೆ, ಅಂದರೆ ನನ್ನ ಹೆಸರಿಗೆ. ಶಬ್ದ ಮತ್ತು ಹೊಗೆಯ ನಿಯಮ ಮೀರಿ ಓಡಿಸಿದರೆ 190(2). ಮೊದಲ ಸಲವೇ 10,000 ರೂಪಾಯಿ ತನಕ ದಂಡ ಅಥವಾ ಮೂರು ತಿಂಗಳ ತನಕ ಜೈಲು, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹ. ಲೈಸೆನ್ಸ್ ಮೂರು ತಿಂಗಳು ಇಲ್ಲ ಅಂದರೆ ನಮ್ಮ ಮನೆಗೆ ಅನ್ನ ಇಲ್ಲ. ಇನ್ನು ಆ ಕಟೌಟ್ ಸ್ವಿಚ್ಚಿಗೆ ಕಾಯ್ದೆಯಲ್ಲಿ ಹೆಸರು ಹಿಡಿದೇ ಜಾಗ ಇದೆ. 194ಎಫ್. ಸೈಲೆನ್ಸರ್ ಬಿಟ್ಟು ಬೇರೆ ದಾರಿಯಲ್ಲಿ ಹೊಗೆ ಬಿಡುವ ಕಟೌಟ್ ಬಳಸಿದರೆ 1,000, ಎರಡನೇ ಸಲಕ್ಕೆ 2,000. ಸ್ಥಳದಲ್ಲೇ ಕಟ್ಟುವ ಮೊತ್ತವನ್ನು ರಾಜ್ಯ ಸರ್ಕಾರ ಬೇರೆ ನಿಗದಿ ಮಾಡಬಹುದು. ನಾನು ಹೇಳುತ್ತಿರುವುದು 2024ರಲ್ಲಿ ನಾನು ಓದಿದಾಗ ಕಾಯ್ದೆಯಲ್ಲಿ ಬರೆದಿದ್ದದ್ದು.

ಕೇಂದ್ರ ಮೋಟಾರು ವಾಹನ ನಿಯಮಗಳು ಅಂತ 1989ರವು ಇನ್ನೊಂದು ಇವೆ. ಅದರಲ್ಲಿ 120ನೇ ನಿಯಮ ಸೈಲೆನ್ಸರ್ ಇರಲೇಬೇಕು ಅನ್ನುತ್ತದೆ. 112ನೆಯದು ಹೊಗೆ ಕೆಳಕ್ಕೂ ಹೋಗಬಾರದು, ಗಾಡಿಯ ಎಡಕ್ಕೂ ಹೋಗಬಾರದು ಅನ್ನುತ್ತದೆ. ಎಡಗಡೆ ನಡೆಯುವವರು, ಬಸ್ಸಿಗೆ ಕಾಯುವವರು ಇರುತ್ತಾರೆ ಅಲ್ವಾ. ನಮ್ಮ ಹೊಸ ಪೈಪಿನ ತುದಿ ತಿರುಗಿದ್ದು ಸರಿಯಾಗಿ ಎಡಕ್ಕೆ. 113ನೆಯದು ಡೀಸೆಲ್ ಪೈಪಿನಿಂದ 35 ಮಿಲಿಮೀಟರ್ ಒಳಗೆ ಹೊಗೆ ಪೈಪ್ ಬರಬಾರದು ಅನ್ನುತ್ತದೆ. ಮಾರನೇ ದಿನ ಟೇಪ್ ಹಿಡಿದು ನಾನೇ ಲಾರಿ ಕೆಳಗೆ ಹೋದೆ. ಒಂದು ಕಡೆ 20 ಮಿಲಿಮೀಟರ್ ಕೂಡ ಇರಲಿಲ್ಲ. ಮೇಲೆ ಗೋಣಿಚೀಲ, ಟಾರ್ಪಾಲು. ಆ ಸ್ಥಿತಿಯಲ್ಲಿ ಏಳು ತಿಂಗಳು ಓಡಿದೆ.

ಈಗ ಮೇಸ್ತ್ರಿ. ಚಿತ್ರದುರ್ಗದಲ್ಲಿ ಹಳೇ ಹೆದ್ದಾರಿ ಕಡೆ ಒಂದು ಬೇವಿನ ಮರದ ಕೆಳಗೆ ಅವರ ಶೆಡ್. ಅಪ್ಪನ ಕಾಲದಿಂದ ಪರಿಚಯ. ಬರೀ ಸೈಲೆನ್ಸರ್, ರೇಡಿಯೇಟರ್ ಕೆಲಸ. ಅವರು ಮೊದಲು ಮಾಡಿದ್ದು ಗಾಡಿ ಆರಲು ಬಿಟ್ಟದ್ದು. ಎರಡು ತಾಸು ಮುಟ್ಟಲೇ ಇಲ್ಲ. ಆಮೇಲೆ ಆರ್‌ಸಿ ಕೇಳಿದರು. ಅದರಲ್ಲಿನ ಮಾಡೆಲ್ ನೋಡಿ ಒಂದು ಚೀಟಿಯಲ್ಲಿ ಸಾಮಾನು ಬರೆದುಕೊಟ್ಟು, "ನೀವೇ ಹೋಗಿ ಕಂಪನಿ ಸ್ಪೇರ್ ಅಂಗಡಿಯಲ್ಲಿ ತನ್ನಿ. ಬಿಲ್ ನಿಮ್ಮ ಹೆಸರಲ್ಲೇ ಇರಲಿ" ಅಂದರು. ಸೈಲೆನ್ಸರ್ 11,800. ಬೆಲೋಸ್, ಗ್ಯಾಸ್ಕೆಟ್, ಕ್ಲ್ಯಾಂಪು, ರಬ್ಬರು ಎಲ್ಲ ಸೇರಿ 4,350. ಅವರ ಕೂಲಿ 2,800. ಒಟ್ಟು 18,950.

ಕೆಲಸ ಒಂದೂವರೆ ದಿನ ಹಿಡಿಯಿತು. ನಾನು ಪಕ್ಕದಲ್ಲೇ ಕೂತು ನೋಡಿದೆ. ಹಳೇ ವೆಲ್ಡಿಂಗನ್ನು ಗ್ರೈಂಡ್ ಮಾಡಿ ತೆಗೆದರು. ಫ್ಲೇಂಜ್ ಮಟ್ಟ ಇದೆಯಾ ಅಂತ ಪಟ್ಟಿ ಇಟ್ಟು ನೋಡಿದರು. ಎಕ್ಸಾಸ್ಟ್ ಬ್ರೇಕಿನ ವಾಲ್ವ್ ಬಿಚ್ಚಿ ಮಸಿ ಕೆರೆದು, ಕೈಯಲ್ಲಿ ಇಪ್ಪತ್ತು ಸಲ ಆಡಿಸಿದರು. ಡೀಸೆಲ್ ಪೈಪನ್ನು ದೂರ ಸರಿಸಿ, ನಡುವೆ ತಗಡಿನ ಮರೆ ಕೊಟ್ಟರು. ಅಳತೆ ಕೇಳುವ ಮುಂಚೆಯೇ ಅವರೇ ಟೇಪ್ ಹಿಡಿದು ತೋರಿಸಿದರು. 60 ಮಿಲಿಮೀಟರ್. ಕೊನೆಗೆ ಇಂಜಿನ್ ಶುರು ಮಾಡಿ, ಸೋಪು ನೀರನ್ನು ಜಾಯಿಂಟುಗಳ ಮೇಲೆ ಹೊಡೆದು ಗುಳ್ಳೆ ಬರುತ್ತಾ ಅಂತ ನೋಡಿದರು.

ಮೊದಲ ಅಂಗಡಿಯ ಪೈಪಿನ ಬಗ್ಗೆಯೂ ಕೇಳಿದೆ. ಒಳಗೆ ತುಕ್ಕು ಹಿಡಿದಿತ್ತು. ನಾನು ಅಯಸ್ಕಾಂತ ತಂದಿದ್ದೆ, ಗಟ್ಟಿಯಾಗಿ ಅಂಟಿತು. ಅಷ್ಟಕ್ಕೇ ತೀರ್ಮಾನ ಮಾಡಬೇಡಿ ಅಂದರು ಅವರು. ಸೈಲೆನ್ಸರಿಗೆ ಬಳಸುವ 409 ದರ್ಜೆಯ ಸ್ಟೇನ್‌ಲೆಸ್‌ಗೂ ಅಯಸ್ಕಾಂತ ಅಂಟುತ್ತದಂತೆ, ಅದೂ ಒಳ್ಳೆಯ ಮಾಲೇ. ಆದರೆ ನಮಗೆ ಹೇಳಿ ಮಾರಿದ್ದು 304, ಅದಕ್ಕೆ ಹೀಗೆ ಅಂಟುವುದಿಲ್ಲ. ಗ್ರೈಂಡರ್ ತಾಗಿಸಿದಾಗ ಮೇಲಿನ ಹೊಳಪು ಸಿಪ್ಪೆಯ ಹಾಗೆ ಎದ್ದು ಬಂತು. ಸಾದಾ ಕಬ್ಬಿಣಕ್ಕೆ ಕ್ರೋಮ್ ಹಚ್ಚಿದ್ದು. ಗುಜರಿಯವನು ಕಬ್ಬಿಣದ ದರಕ್ಕೇ ತೂಗಿ 610 ರೂಪಾಯಿ ಕೊಟ್ಟ.

ನಾವು ಅಲ್ಲಿದ್ದಾಗಲೇ ಒಬ್ಬರು ಬಿಎಸ್-6 ಟಿಪ್ಪರ್ ತಂದು, ಒಳಗಿನ ಫಿಲ್ಟರ್ ಖಾಲಿ ಮಾಡಿಕೊಡಿ, ಯೂರಿಯಾ ದ್ರವದ ಖರ್ಚು ತಪ್ಪಿಸಿ ಅಂತ ಕೇಳಿದರು. ಮೇಸ್ತ್ರಿ ಕೈ ಮುಗಿದು ವಾಪಸ್ ಕಳಿಸಿದರು. 2020ರ ಏಪ್ರಿಲ್ 1ರಿಂದ ಬಂದ ಈ ಗಾಡಿಗಳಲ್ಲಿ ಹೊಗೆ ಪೈಪ್ ಅಂದರೆ ಬರೀ ಪೈಪ್ ಅಲ್ಲ. ಮಸಿ ಹಿಡಿಯುವ ಫಿಲ್ಟರ್, ವಿಷದ ಗಾಳಿ ತೊಳೆಯಲು ಯೂರಿಯಾ ದ್ರವ ಸಿಂಪಡಿಸುವ ಜಾಗ, ಮುಂದೆ ಹಿಂದೆ ಬಿಸಿ, ಒತ್ತಡ ಅಳೆಯುವ ಸೆನ್ಸರುಗಳು. ಒಂದು ಕಿತ್ತರೆ ದೀಪ ಹತ್ತುತ್ತದೆ, ಆಮೇಲೆ ಗಾಡಿಯೇ ತನ್ನ ಶಕ್ತಿ ಇಳಿಸಿಕೊಳ್ಳುತ್ತದೆ. ಮಸಿ ದೀಪ ಹತ್ತಿದರೆ ಮಾಡಬೇಕಾದ್ದು ಗಾಡಿ ನಿಲ್ಲಿಸಿ ಕಂಪನಿ ಕೊಟ್ಟ ಸ್ವಿಚ್ಚಿನಿಂದ ಅದನ್ನು ಸುಟ್ಟು ತೆಗೆಯಲು ಬಿಡುವುದು.

ಗೊಬ್ಬರ ಸಾಗಿಸುವವಳಾಗಿ ಒಂದು ಮಾತು ಸೇರಿಸಲೇಬೇಕು. ಚೀಲದ ಯೂರಿಯಾ ಕರಗಿಸಿ ಆ ಟ್ಯಾಂಕಿಗೆ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಆ ದ್ರವ ಅಂದರೆ ಶುದ್ಧ ನೀರಿನಲ್ಲಿ ಅಳತೆಗೆ ಸರಿಯಾಗಿ 32.5 ಶೇಕಡ ಶುದ್ಧ ಯೂರಿಯಾ. ಹೊಲದ ಯೂರಿಯಾಗೆ 2015ರಿಂದ ಪೂರ್ತಿಯಾಗಿ ಬೇವಿನೆಣ್ಣೆ ಹಚ್ಚಿ ಬರುತ್ತದೆ. ಸಿಂಪಡಿಸುವ ಸಣ್ಣ ತೂತು ಕಟ್ಟಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಸಬ್ಸಿಡಿಯ ಆ ಚೀಲ ರೈತರದು. ಮಳೆಗಾಲದಲ್ಲಿ ಸೊಸೈಟಿ ಮುಂದೆ ಬೆಳಗ್ಗೆ ಐದಕ್ಕೆ ಸಾಲು ನಿಂತವರನ್ನು ನಾನು ಕಣ್ಣಾರೆ ನೋಡಿದ್ದೇನೆ.

ಲಾರಿ ಒಟ್ಟು ಆರು ದಿನ ನಿಂತಿತು. ಎಫ್‌ಸಿ ಎರಡನೇ ಸಲಕ್ಕೆ ಆಯಿತು. ಲೀಟರಿಗೆ ಈಗ 4.07 ಬರುತ್ತಿದೆ. ಎಕ್ಸಾಸ್ಟ್ ಬ್ರೇಕ್ ಶಿರಾಡಿಯಲ್ಲಿ ಮೊದಲಿನ ಹಾಗೆ ಹಿಡಿಯುತ್ತದೆ. ಲಾರಿ ಮತ್ತೆ ಮನೆ ಮುಂದೆ ನಿಲ್ಲುತ್ತಿದೆ. ತಮ್ಮ ಆಸೆಗೆ ಕ್ಯಾಬಿನ್ ಒಳಗೆ ಒಂದು ಒಳ್ಳೆಯ ಟೇಪ್ ಸೆಟ್ ಹಾಕಿಸಿಕೊಂಡಿದ್ದಾನೆ, ಅದನ್ನು ನಾನೇ ಕೊಡಿಸಿದೆ.

ಮೇಸ್ತ್ರಿಯಲ್ಲಿ ಕೊರತೆ ಇಲ್ಲ ಅಂತಲ್ಲ. ಕೂಲಿಗೆ ಬಿಲ್ ಕೊಡುವುದಿಲ್ಲ, ಫೋನ್ ಎತ್ತುವುದಿಲ್ಲ. ಒಂದು ಸಲಕ್ಕೆ ಒಂದೇ ಗಾಡಿ ಹಿಡಿಯುತ್ತಾರೆ, ಅವಸರ ಮಾಡಿದರೆ ಬೇರೆ ಕಡೆ ಹೋಗಿ ಅನ್ನುತ್ತಾರೆ. ಅಮಾವಾಸ್ಯೆ ದಿನ ಶೆಡ್ ತೆರೆಯುವುದಿಲ್ಲ. ಹೋಗುವವರು ಆರ್‌ಸಿ ಜೆರಾಕ್ಸ್ ಜೊತೆಗಿಟ್ಟುಕೊಳ್ಳಿ. ಹಿಂದಿನ ರಾತ್ರಿಯೇ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದರೆ ಒಳ್ಳೆಯದು. ಬೆಳಗ್ಗೆ ಪೈಪ್ ತಣ್ಣಗಿದ್ದರೆ ಎಂಟು ಗಂಟೆಗೇ ಕೆಲಸ ಶುರು ಮಾಡುತ್ತಾರೆ.